ಒಣಹೊತ್ತು

...ಇಲ್ಲಮ್ಮ, ನಿಂತ್ಕೊಂಡು ವಾದ ಮಾಡಿದ್ರೆ ಏನೂ ಬದಲಾಗಲ್ಲ. ಕೂತ್ಕೋ ಮೊದಲು. ಆ ಕುರ್ಚಿ ಬೇಡ, ಅದರ ಕಾಲು ಸರಿಯಿಲ್ಲ. ಈ ಕಡೆ ಬಾ. ಬೆಳಗ್ಗೆಯಿಂದ ಹೊರಗೆ ಬೆಂಚಿನ ಮೇಲೆ ಕೂತಿದ್ದೆಯಂತೆ... ನಾನೇನು ಬೇಕು ಅಂತ ಕಾಯಿಸಿದ್ನಾ?

ನೋಡು, ನಾನು ನಿನ್ನ ಗೈಡು. ಪ್ರಬಂಧ ಕೆಟ್ಟದಾಗಿದೆ ಅಂತ ನಾನೆಲ್ಲಿ ಹೇಳಿದೆ? ವಿಷಯ ಬದಲಿಸು ಅಂದೆ, ಅಷ್ಟೇ. ಬಾಡಿಗೆ ಗಾಡಿ ಡ್ರೈವರುಗಳು, ಅವರ ದುಡಿಮೆ, ಅವರು ಕಾಯೋದು... ಇದೆಲ್ಲ ಬಿಟ್ಟುಬಿಡು. ಬೆಲೆಯೇರಿಕೆ ಮೇಲೆ ಬರಿ. ಪುಸ್ತಕ ನಾನೇ ಕೊಡ್ತೀನಿ.

ಗೊತ್ತು, ಗೊತ್ತು, ಒಪ್ಪಿಸೋಕೆ ಇನ್ನೊಂದೇ ವಾರ. ಈ ಸಲ ಕೊಡದಿದ್ರೆ ಡಿಗ್ರಿ ಇಲ್ಲ, ಅದೂ ಗೊತ್ತು. ನಿನ್ನ ವರ್ಷ ಹಾಳು ಮಾಡಿ ನನಗೇನು ಸಿಗಬೇಕು? ಹಾಗೆ ನೋಡಬೇಡ.

ಪದೇ ಪದೇ ಕಿಟಕಿ ಕಡೆ ಏನು? ಓ, ಅದಾ. ಗೇಟಿಗೆ ಅಡ್ಡ ಯಾವನೋ ಸಾಮಾನು ಸಾಗಿಸೋ ಗಾಡಿ ನಿಲ್ಲಿಸಿದ್ದಾನೆ. ಬಂದಾಗಿಂದ ನೋಡ್ತಿದ್ದೀನಿ, ಅಲ್ಲೇ ಬಿದ್ದಿದ್ದಾನೆ. ಕೆಲಸವಿಲ್ಲದ ಜನ. ಬಿಡು.

ಯಾಕೆ ಬದಲಿಸಬೇಕು ಅಂದ್ರೆ... ಇದೇ ವಿಷಯದ ಮೇಲೆ ಹೋದ ತಿಂಗಳು ಒಂದು ಲೇಖನ ಬಂದಿದೆ. ಒಳ್ಳೆ ಪತ್ರಿಕೆಯಲ್ಲೇ. ಆಮೇಲೆ ವೈವಾಕ್ಕೆ ಹೊರಗಿನವರು ಬರ್ತಾರೆ, ಎರಡನ್ನೂ ಪಕ್ಕಪಕ್ಕ ಇಡ್ತಾರೆ, ಹುಡುಗಿ ಕದ್ದಿದ್ದಾಳೆ ಅಂತಾರೆ. ಆಗ ನಿನ್ನ ಮಾತು ಯಾರು ಕೇಳ್ತಾರೆ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ನಾನು.

ಯಾರು ಬರೆದಿದ್ದು ಅಂದ್ರೆ... ಯಾರೋ ಒಬ್ಬರು. ಹೆಸರು ಈಗ ನೆನಪಿಗೆ ಬರ್ತಿಲ್ಲ.

ನಿನ್ನ ಕರಡಾ? ಅಯ್ಯೋ, ಅದನ್ನ ನಾನು ಬಿಚ್ಚಿಯೇ ಇಲ್ಲ. ನಿಜವಾಗ್ಲೂ. ನೀನು ಕೊಟ್ಟ ಹಾಗೇ ಬೀರುವಿನಲ್ಲಿದೆ, ಕಟ್ಟಿದ ದಾರ ಕಟ್ಟಿದ ಹಾಗೇ. ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ ನನಗೆ. ಪರೀಕ್ಷೆ, ಮೀಟಿಂಗು, ಅದರ ಮೇಲೆ ಬಡ್ತಿಯ ಸಂದರ್ಶನ ಬೇರೆ... ಯಾಕೆ ನಗ್ತೀಯಾ? ಓದದೇ ಎರಡೂ ಒಂದೇ ಥರ ಇದೆ ಅಂತ ಹೇಗೆ ಗೊತ್ತಾಯ್ತು ಅಂತಾನಾ? ವಿಷಯ ಒಂದೇ ಅಲ್ವೇನಮ್ಮ, ಅಷ್ಟು ಸಾಲದಾ?

ಸರಿ, ಆ ಲೇಖನದಲ್ಲಿ ಏನಿದೆ ಅಂತ ಹೇಳ್ತೀನಿ, ನೀನೇ ತೀರ್ಮಾನ ಮಾಡು. ಡ್ರೈವರು ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯ್ತಾ ಕೂರ್ತಾನಲ್ಲ, ನಾವು ಅರ್ಥಶಾಸ್ತ್ರದವರು ಅದನ್ನ ವಿರಾಮ ಅಂತ ಬರೆದು ಕೈ ತೊಳ್ಕೊಳ್ತೀವಿ. ವಿರಾಮ ಎಲ್ಲಿಂದ ಬಂತು? ಮನೆಗೆ ಹೋಗೋ ಹಾಗಿಲ್ಲ, ಮಲಗೋ ಹಾಗಿಲ್ಲ, ಬೇರೆ ಕೆಲಸ ಹಿಡಿಯೋ ಹಾಗಿಲ್ಲ. ಅದೂ ದುಡಿಮೆಯೇ, ಕೂಲಿ ಮಾತ್ರ ಇಲ್ಲ. ಇಡೀ ವಾದ ನಿಂತಿರೋದೇ ಆ ಕಾಯೋ ಹೊತ್ತಿಗಿಟ್ಟ ಒಂದು ಪದದ ಮೇಲೆ. ಒಣಹೊತ್ತು. ಎಂಥಾ ಪದ ನೋಡು... ಒಣಹೊತ್ತು! ಓದಿದವರೆಲ್ಲ ಫೋನ್ ಮಾಡಿದ್ದೇ ಮಾಡಿದ್ದು, ಎಲ್ಲಿಂದ ಹಿಡಿದ್ರಿ ಸರ್ ಇದನ್ನ, ಅಂತ...

ಅಂದ್ರೆ, ಬರೆದವರಿಗೆ. ಬರೆದವರಿಗೆ ಫೋನ್ ಮಾಡಿ ಕೇಳಿದ್ರಂತೆ.

ಏನಮ್ಮ, ಆ ಪದ ಎಲ್ಲಿಂದ ಬಂತು ಅಂತಾನಾ?

ಅದು ಡ್ರೈವರುಗಳು ಆಡೋ ಮಾತಮ್ಮ. ಯಾವ ಸ್ಟ್ಯಾಂಡಿಗೆ ಹೋದ್ರೂ ಕಿವಿಗೆ ಬೀಳುತ್ತೆ. ಬೀಳಲ್ವಾ? ...ಯಾರೂ ಆಡಲ್ವಾ?

ನಿಮ್ಮಪ್ಪ ಒಬ್ಬರೇನಾ?

ಮನೆಯಲ್ಲಿ ಮಾತ್ರ... ಊಟಕ್ಕೆ ಕೂತಾಗ... "ಇವತ್ತೆಲ್ಲ ಒಣಹೊತ್ತೇ ಮಗಾ" ಅಂತ...

ಹಾಗಿದ್ರೆ ನಮ್ಮಪ್ಪನ ಮಾತು ಅಂತ ಯಾಕೆ ಬರೀಲಿಲ್ಲ ನೀನು? ಅಪ್ಪ ಗಾಡಿ ಓಡಿಸ್ತಾರೆ ಅಂತ ಬರೆಯೋಕೆ ನಾಚಿಕೆನಾ? "ಚಾಲಕರು ಇದನ್ನು ಒಣಹೊತ್ತು ಎನ್ನುತ್ತಾರೆ" ಅಂತ ಬರೆದಿದ್ದೀಯಾ. ಚಾಲಕರು ಅಂದ್ರೆ ಎಲ್ಲರೂ ಅಂತ ತಾನೇ ಯಾರಾದ್ರೂ ತಿಳ್ಕೊಳ್ಳೋದು? ಮೂರನೇ ಅಧ್ಯಾಯ, ಮೊದಲನೇ ಪುಟದಲ್ಲೇ ಇದೆಯಲ್ಲ, ನಾನೇ ಗೆರೆ ಎಳೆದು...

...

ಎದ್ದುಬಿಟ್ಟೆಯಲ್ಲ. ಕೂತ್ಕೋಮ್ಮ. ಇರು, ಸಹಿ ಹಾಕ್ತೀನಿ ಕೊಡು, ಇದೇ ವಿಷಯ ಇರಲಿ. ವೈವಾ ನಾನು ನೋಡ್ಕೊಳ್ತೀನಿ, ಯಾರಿಗೂ ಏನೂ... ಬೇಕಾದ್ರೆ ಬೈ.

ಕಿಟಕಿಯಿಂದ ಯಾರಿಗೆ ಕೈ ಮಾಡ್ತಿದ್ದೀಯಾ? ಆ ಗಾಡಿಯವನಿಗಾ?

...ನಿಮ್ಮಪ್ಪನಾ ಅದು?

ಬೆಳಗ್ಗೆಯಿಂದ ಅಲ್ಲೇ ಕಾಯ್ತಿದ್ದಾರಾ?