ನರಸಮ್ಮ ಬಿಡಿಸಿಟ್ಟ ಕಡಲೆಕಾಯಿ

ಅಧ್ಯಕ್ಷ ಸ್ಥಾನದಲ್ಲಿರುವ ಮುಖ್ಯೋಪಾಧ್ಯಾಯರಾದ ಕೋದಂಡಪ್ಪನವರೇ, ಇಂದು ನಾವು ಬೀಳ್ಕೊಡುತ್ತಿರುವ ಮನಶ್ಶಾಸ್ತ್ರಜ್ಞೆ ಡಾಕ್ಟರ್ ಸುಗುಣಾ ಅವರೇ, ಚಾಂಪಿಯನ್ ರೀಫ್ಸಿನಿಂದಲೂ ಕ್ಯಾಸಂಬಳ್ಳಿ ಕಡೆಯಿಂದಲೂ ಕೂಲಿ ಬಿಟ್ಟು ಬಂದಿರುವ ತಾಯಿ ತಂದೆಯರೇ, ಆಗಲೇ ಪಿಸುಗುಡುತ್ತಿರುವ ನಾಲ್ಕನೇ ತರಗತಿಯ ಮಕ್ಕಳೇ, ಸಭಿಕರೇ,

ವೆಂಕಟರತ್ನಮ್ಮ ಟೀಚರ್ ಎರಡು ಮಾತು ಆಡಲಿ ಎಂದು ಅಧ್ಯಕ್ಷರು ಅಪ್ಪಣೆ ಕೊಟ್ಟಿದ್ದಾರೆ. ಎರಡೇ ಆಡಬೇಕೆಂದು ನಾನೂ ಮನೆಯಿಂದ ನಿಶ್ಚಯ ಮಾಡಿಕೊಂಡು ಬಂದಿದ್ದೆ.

ಎಪ್ಪತ್ತೆರಡರಲ್ಲಿ ನಾನು ಬಂಗಾರಪೇಟೆಯಿಂದ ಈ ಶಾಲೆಗೆ ಬಂದ ಮೊದಲ ವಾರವೇ ನೆಲ ನಡುಗಿತು. ಕೆಳಗೆ ಚಿನ್ನದ ಗಣಿಯಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಬೆಂಚು ಕುಣಿಯುತ್ತದೆ ಎಂದು ನನಗೇನು ಗೊತ್ತು? ಮೇಜಿನ ಕೆಳಗೆ ಹೋಗಿ ಕೂತೆ. ಮಕ್ಕಳು ನಕ್ಕು, "ಏನೂ ಆಗಿಲ್ಲ ಮೇಡಂ, ಪಾಠ ಮಾಡಿ" ಎಂದರು. ಅಂದಿನಿಂದ ನೆಲ ನಡುಗಿದಾಗಲೆಲ್ಲ "ಏನೂ ಆಗಿಲ್ಲ, ಮುಂದೆ ಓದಿ" ಎನ್ನುವುದು ನನ್ನ ವಾಡಿಕೆ. ಈ ಊರಿನಲ್ಲಿ ಅದು ಯಾರ ವಾಡಿಕೆಯಲ್ಲ, ಹೇಳಿ?

ಕಳೆದ ಕಾರ್ತಿಕದಲ್ಲಿ ನಡುಗಿದಾಗ ಜಗಲಿಯ ಗೋಡೆ ಬಿತ್ತು. ನೀರಿನ ಮಡಕೆಯ ಹತ್ತಿರ ಹೋಗಿದ್ದ ನಮ್ಮ ಕನಕ ಅದರಡಿ ಸಿಕ್ಕಿ ತೀರಿಕೊಂಡಳು. ಶಾಲೆ ಮತ್ತೆ ತೆರೆದ ದಿನ ನಾನು ಅವಳ ಜಾಗದ ಕಡೆ ನೋಡದೆ, "ಏನೂ ಆಗಿಲ್ಲ, ಪುಸ್ತಕ ತೆಗೆಯಿರಿ" ಎಂದೆ. ಬೇರೆ ಏನು ಹೇಳಬೇಕೆಂದು ಯಾವ ಟ್ರೈನಿಂಗಿನಲ್ಲೂ ನಮಗೆ ಕಲಿಸಿರಲಿಲ್ಲ.

ಕನಕಳ ಪಕ್ಕ ಕೂರುತ್ತಿದ್ದ ನರಸಮ್ಮ ಮಾತು ಬಿಟ್ಟಳು. ಅವಳ ತಾಯಿ ಪಾಪಕ್ಕ ಅಲ್ಲಿ ಕೂತಿದ್ದಾರೆ; ಅವರನ್ನು ಕೇಳಿಯೇ ಇದನ್ನೆಲ್ಲ ಹೇಳುತ್ತಿದ್ದೇನೆ. ದಿನವೂ ಸೆರಗಿನಲ್ಲಿ ಹುರಿದ ಕಡಲೆಕಾಯಿ ಕಟ್ಟಿಕೊಂಡು ಬಂದು ಆ ಮಗುವಿಗೆ ಕೊಡುತ್ತಿದ್ದೆ. ಮುಷ್ಟಿಯಲ್ಲಿ ಹಿಡಿದುಕೊಳ್ಳುವಳು, ತಿನ್ನಳು, ಮಾತಾಡಳು.

ಆಮೇಲೆ ಡಾಕ್ಟರ್ ಬಂದರು. ಬೆಂಗಳೂರಿನಿಂದ, ಇಸ್ತ್ರಿ ಮಾಡಿದ ಸೀರೆಯಲ್ಲಿ. ಆ ಸೀರೆಯಲ್ಲೇ ಮಕ್ಕಳ ಜೊತೆ ನೆಲದ ಮೇಲೆ ಕೂತರು. ವಾರಕ್ಕೊಮ್ಮೆ ಅವರ ಬಸ್ಸು ಬರುವ ಹೊತ್ತಿಗೆ ಮಕ್ಕಳೆಲ್ಲ ಗೇಟಿಗೆ ಓಡುವರು. ಹದಿನೈದು ವರ್ಷದಿಂದ ನಾನೂ ಅದೇ ಬಸ್ಸಿನಲ್ಲಿ ಇಳಿಯುತ್ತಿದ್ದೇನೆ. ನನ್ನನ್ನು ಕಂಡು ಯಾರೂ ಓಡಿಲ್ಲವೇ? ಓಡಿದ್ದಾರೆ, ಒಳಕ್ಕೆ.

ಎರಡನೆಯ ಸಲ ಅವರು ಬಂದಾಗ ನರಸಮ್ಮ ನಾನು ಕೊಟ್ಟ ಕಡಲೆಕಾಯಿಯನ್ನು ಒಂದೊಂದಾಗಿ ಬಿಡಿಸಿ ಅವರ ಅಂಗೈಯಲ್ಲಿಟ್ಟಳು. ಅವರು ತಿಂದರು. ಹುರಿದದ್ದು ನಾನು. ಸಭೆಗೆ ತಿಳಿದಿರಲಿ ಎಂದು ಹೇಳಿದೆ, ಅಷ್ಟೆ.

ಒಂದು ದಿನ ಡಾಕ್ಟರ್, "ಅವತ್ತು ಹೇಗೆ ನಡುಗಿತು, ನೀವೇ ತೋರಿಸಿ" ಎಂದು ಮಕ್ಕಳಿಂದ ಬೆಂಚು ಬಡಿಸಿದರು. "ನೀವೂ ಕೂತ್ಕೊಳ್ಳಿ ಮೇಡಂ" ಎಂದು ನನ್ನನ್ನೂ ಕರೆದರು. ಕೆಲಸವಿದೆ ಎಂದು ಹೊರಗೆ ಬಂದೆ. ಬಾಗಿಲ ಮರೆಯಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ಬೆಂಚಿನ ಸದ್ದು ನಿಂತಾಗ ನರಸಮ್ಮನ ದನಿ ಕೇಳಿಸಿತು. "ನಂಗೂ ಒಂದ್ ಲೋಟ ನೀರ್ ತಗಂಬಾ ಅಂತ ನಾನೇ ಕಳಿಸ್ದೆ. ಇಲ್ದಿದ್ರೆ ಕನಕ ಓಗ್ತಾನೇ ಇರ್ಲಿಲ್ಲ."

ನಾನಾಗಿದ್ದರೆ "ಬಿಡು ಮಗಾ, ಮರೆತುಬಿಡು" ಎನ್ನುತ್ತಿದ್ದೆ. ಡಾಕ್ಟರ್ ಕೇಳಿದ್ದು ಇಷ್ಟೇ: "ನಿಂಗೆ ಬಾಯಾರಿತ್ತಾ?"

"ಊಂ."

ಹಿಂದಿನ ಬೆಂಚಿನ ಚಿಕ್ಕವೆಂಕಟಪ್ಪ ಎದ್ದು, "ನಂಗೂ ಅವ್ಳೇ ತಂದ್ಕೊಡ್ತಿದ್ದಿದ್ದು ಕಣೇ. ಕೋತಿ, ನಿಂಗೇನ್ ಕಾಲಿಲ್ವಾ ಅಂತ ಬೈದು ತರೋಳು" ಎಂದ. ತರಗತಿಯೆಲ್ಲ ನಕ್ಕಿತು. ಆಮೇಲೆ ತರಗತಿಯೆಲ್ಲ ಅತ್ತಿತು. ಯಾರೂ ಏನೂ ಆಗಿಲ್ಲ ಎನ್ನಲಿಲ್ಲ.

ಅಂದಿನಿಂದ ನರಸಮ್ಮ ಎಲ್ಲರ ಜೊತೆ ಮಾತಾಡುತ್ತಾಳೆ. ನನಗೆ ಮಾತ್ರ ತಲೆ ಆಡಿಸುತ್ತಾಳೆ. ಡಾಕ್ಟರ್ ಹೊರಟ ಮೇಲಾದರೂ ನನ್ನ ಸರದಿ ಬಂದೀತು ಎಂದುಕೊಂಡಿದ್ದೆ. ಇವತ್ತಿನ ಹಾರವನ್ನು ಬೆಳಗ್ಗೆಯೇ ರಾಬರ್ಟ್‌ಸನ್‌ಪೇಟೆಗೆ ಹೋಗಿ ತಂದವಳು ನಾನು. ಅಷ್ಟು ಉತ್ಸಾಹ ನನಗೆ.

ಹಾರ ಹಿಡಿದು ಬರುತ್ತಿದ್ದಾಗ ಗೇಟಿನಲ್ಲಿ ನರಸಮ್ಮ ನನ್ನ ಸೆರಗು ಎಳೆದಳು. "ಮೇಡಂ, ಡಾಕ್ಟರಮ್ಮ ಇನ್ ಬರಾಕಿಲ್ವಾ?"

ಕಾರ್ತಿಕದಿಂದ ನಾನು ಕಾದಿದ್ದ ಮಾತು ಅದು, ಸಭಿಕರೇ. ನನಗೇ ಆಡಿದ ಮಾತು. ಆದರೆ ಕೇಳಿದ್ದು ಯಾರ ವಿಷಯ, ನೋಡಿ! ಏನೂ ಆಗಿಲ್ಲ ಎಂದು ನಾಲಿಗೆಗೆ ಬಂತು. ನುಂಗಿಕೊಂಡೆ. "ನಿಂಗೆ ಬೇಜಾರಾ?" ಎಂದು ಕೇಳಿದೆ.

"ಊಂ" ಎಂದಳು.

"ಮುಂದಿನ ತಿಂಗಳು ಬರ್ತಾರೆ" ಎಂದುಬಿಟ್ಟೆ.

ನಿಮ್ಮನ್ನು ಕೇಳದೆ ಮಾತು ಕೊಟ್ಟಿದ್ದೇನೆ, ಡಾಕ್ಟರೇ. ದಯವಿಟ್ಟು ಬನ್ನಿ. ಮಕ್ಕಳ ಜೊತೆ ಗೇಟಿಗೆ ನಾನು ಓಡಿ ಬರುವುದಿಲ್ಲ. ಕಡಲೆಕಾಯಿ ಮಾತ್ರ ಹುರಿದಿಟ್ಟಿರುತ್ತೇನೆ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ವಂದನೆ. ನಮಸ್ಕಾರ.