ಸಾಸಿವೆಯ ದಿಂಬು

ಎಪ್ಪತ್ನಾಲ್ಕರ ಯುಗಾದಿಯ ಮುನ್ನಾದಿನ ಸೊಲ್ಲಾಪುರದ ಬಸ್ ನಿಲ್ದಾಣದಲ್ಲಿ ತೀರ್ಮಾನವಾಗಬೇಕಿದ್ದ ಮಹತ್ತರ ಸಂಗತಿಯೆಂದರೆ ಒಂದು ದಿಂಬು. ಅಕ್ಕಲಕೋಟದ ಪಾಳಿಯಲ್ಲಿ ನಿಂತಿದ್ದ ಅರಿವೆ ವ್ಯಾಪಾರಿ ಸಾತಲಿಂಗಪ್ಪನಿಗೆ ಮುಂದಿದ್ದ ನೆಗೆಣ್ಣಿಯರ ಮಾತು ಬೇಡವೆಂದರೂ ಕೇಳುತ್ತಿತ್ತು. ಹಿರಿಯವಳು ಕಿರಿಯವಳನ್ನು ಯೋಗ ಶಿಬಿರಕ್ಕೆ ಕಳಿಸಲು ಬಂದಿದ್ದಳು.

“ಧ್ಯಾನಾ ಮಾಡು, ಆರಾಮ ಮಲಕೋ. ಹೊಸಾ ವರ್ಷಕ್ಕ ಮನಸ್ಸು ಹಗೂರ ಆಗ್ತದ. ಆ ದಿಂಬ ಇತ್ಲಾಗ ಕೊಡು, ಶಕ್ಕೂ.”

“ಇರಲಿ ಬಿಡ್ರಿ, ಅಕ್ಕಾರ.”

“ಅಂಗೈಯಷ್ಟ ಅದ. ನಿನ್ನ ತಲಿ ಹಿಡಸ್ತದೇನ?”

“ನನ್ನ ತಲಿಗಲ್ರಿ.”

ಅಲ್ಲಿಯವರೆಗೆ ಒಳಗೊಳಗೇ ನಗುತ್ತಿದ್ದ ಸಾತಲಿಂಗಪ್ಪ ಬಸ್ಸಿನ ದಾರಿ ನೋಡತೊಡಗಿದ.

“ಕೂಸು ಹೋಗಿ ನಾಕ ತಿಂಗಳಾತು. ಮರೀಲಿ ಅಂತ ಕಳಸಾಕತ್ತೀವಿ, ನೀ ಅದರ ದಿಂಬ ಕಟಗೊಂಡ ಹೊಂಟಿ.”

“ಮನ್ಯಾಗ ಬಿಟ್ರ ಅತ್ತಿಯವ್ರು ಬಿಚ್ಚತಾರ್ರಿ. ಒಳಗಿನ ಸಾಸಿವಿ ಛಲೋ ಅದಾವ, ಹಬ್ಬದ ಒಗ್ಗರಣಿಗಿ ಆಗ್ತಾವ ಅಂತ ನಿನ್ನೆ ಅಂದ್ರು. ನೀವೂ ಹೂಂ ಅಂದ್ರಿ.”

ಹಿರಿಯವಳು ಸೆರಗಿನಿಂದ ದಿಂಬಿನ ಧೂಳು ಒರೆಸಿ, ಶಕ್ಕುವಿನ ಚೀಲದ ತಳದಲ್ಲಿ ಸೀರೆಗಳ ನಡುವೆ ಇಟ್ಟಳು.

ಬಸ್ಸು ಬಂತು. ಶಕ್ಕು ಹತ್ತಿದಳು. ದಿಂಬು ಅಕ್ಕಲಕೋಟಕ್ಕೆ ಹೋಯಿತು.