ಹನಿ ಚೆಲ್ಲದ ಕಲ್ಲುಹಾಸು

ಈ ವೇದಿಕೆಯಲ್ಲಿ ಕೈಗಳಿರುವ ಒಂದೇ ಒಂದು ಕುರ್ಚಿಯನ್ನು ಅಲಂಕರಿಸಿರುವ, ನಮ್ಮ ಕಾಲುವೆ ಕಲ್ಲುಗೆಲಸಗಾರರ ಸಂಘದ ಅಧ್ಯಕ್ಷರಾದ ತಿಪ್ಪೇಶ್ ಅವರೇ. ಸಂಡೂರಿನಲ್ಲಿ ಇನ್ನೊಂದು ಕಾರ್ಯಕ್ರಮವಿದೆಯೆಂದು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಮುಖ್ಯ ಅತಿಥಿಗಳೇ. ಫ್ಯಾನಿನ ಕೆಳಗೆ ಕುಳಿತ ಪುಣ್ಯವಂತರೇ, ಮತ್ತು ಕಂಬದ ಹಿಂದೆ ಕುಳಿತ ಉಳಿದೆಲ್ಲ ಸಭಿಕರೇ,

ನನಗೆ ಶಾಲು ಹೊದಿಸಿದ್ದೀರಿ. ಹೊಸಪೇಟೆಯ ಏಪ್ರಿಲ್ ತಿಂಗಳಲ್ಲಿ ಉಣ್ಣೆಯ ಶಾಲು ಹೊದಿಸುವುದು ಸನ್ಮಾನವೋ ಶಿಕ್ಷೆಯೋ ಎಂಬ ಪ್ರಶ್ನೆಯನ್ನು ನಾನು ಎತ್ತುವುದಿಲ್ಲ. ತಲೆಗೆ ಪೇಟ ಇಟ್ಟಿದ್ದೀರಿ. ಅದು ಕಿವಿಯವರೆಗೆ ಇಳಿದಿರುವುದರಿಂದ ಸನ್ಮಾನ ಪತ್ರದ ಹೊಗಳಿಕೆ ನನಗೆ ಅರ್ಧ ಮಾತ್ರ ಕೇಳಿಸಿತು. ಆ ಅರ್ಧದಲ್ಲಿ ಒಂದು ಮಾತಿತ್ತು: 'ಹಂಪಯ್ಯನವರು ಹಾಸಿದ ಕಲ್ಲಿನ ಮೇಲೆ ತುಂಬಿದ ಲೋಟ ಹಿಡಿದು ನಡೆದರೂ ಹನಿ ಚೆಲ್ಲದು.' ಚಪ್ಪಾಳೆ ಬಿತ್ತು. ಆ ಮಾತಿನ ಬಗ್ಗೆಯೇ ಎರಡು ನಿಮಿಷ ಹೇಳಿ ಕುಳಿತುಕೊಳ್ಳುತ್ತೇನೆ.

ನಮ್ಮ ಕಸುಬು ತಿಳಿಯದ ಅತಿಥಿಗಳಿಗಾಗಿ ಒಂದು ವಿವರಣೆ. ಕಾಲುವೆಯ ಇಳಿಜಾರಿಗೆ ಕಲ್ಲು ಹಾಸುವಾಗ ಎರಡು ಕಲ್ಲುಗಳ ನಡುವೆ ಸಂದು ಉಳಿಯಬಾರದು. ಉಳಿದರೆ ಚಕ್ಕೆ ಕಲ್ಲು ಬಡಿದು ಮುಚ್ಚಬೇಕು. ಕೆಲಸ ಮುಗಿದ ದಿನ ಪರೀಕ್ಷೆ. ಒಬ್ಬ ಬರಿಗಾಲಲ್ಲಿ, ಕಣ್ಣು ಮುಚ್ಚಿಕೊಂಡು, ಅಂಚಿನವರೆಗೆ ತುಂಬಿದ ಚಹಾ ಲೋಟ ಹಿಡಿದು ಹಾಸಿನ ಮೇಲೆ ಆ ತುದಿಗೆ ನಡೆಯಬೇಕು. ಹನಿ ಚೆಲ್ಲಿತೋ, ಹಾಸಿದವನೇ ಇಡೀ ಗುಂಪಿಗೆ ಚಹಾ ಕಾಸಿ ಕೊಡಬೇಕು. ಮೆಟ್ರಿ ಕಡೆಯ ಕಾಲುವೆಗಳಲ್ಲಿ ಮೂವತ್ತು ವರ್ಷ ಕಲ್ಲು ಹಾಸಿದೆ. ಒಂದು ದಿನವೂ ಚಹಾ ಕಾಸಲಿಲ್ಲ. ಇದು ಗರ್ವವೇ? ಗರ್ವವೇ.

ನನ್ನ ಹಾಸಿನ ಮೇಲೆ ಯಾವಾಗಲೂ ನಡೆಯುತ್ತಿದ್ದವನು ಮರಿಯಮ್ಮನಹಳ್ಳಿಯ ಎರ್ರಿಯಪ್ಪ. ಉಳಿದಂತೆ ಅವನದು ಒಂಟೆಯ ನಡಿಗೆ. ಲೋಟ ಕೈಗೆ ಬಂದರೆ ಮಾತ್ರ ಮದುಮಗನ ಗಾಂಭೀರ್ಯ.

ಹದಿನಾಲ್ಕು ವರ್ಷದ ಹಿಂದೆ ಪಡುವಣ ಕಡಲಿನ ಒಂದು ಮೀನುಗಾರಿಕೆ ಬಂದರಿನಿಂದ ನಮಗೆ ಕರೆ ಬಂತು. ಬಂದರಿನ ಬಾಯಲ್ಲಿ ಒಳಬರುವ ದೋಣಿಗಳು ಅಲೆಗೆ ಮಗುಚುತ್ತಿದ್ದವು. ಬಾಯಿಯ ಎರಡೂ ಬದಿಗೆ ಕಡಲೊಳಕ್ಕೆ ಬಂಡೆಗಳ ಅಲೆತಡೆ ಗೋಡೆ ಕಟ್ಟಬೇಕು, ಕಲ್ಲು ಬಲ್ಲವರು ಬೇಕು ಎಂದರು. ಕಲ್ಲು ಬಲ್ಲವರೆಂದರೆ ಹಂಪಿಯ ಬಂಡೆಗಳ ನಡುವೆ ಹುಟ್ಟಿದ ನಾವಲ್ಲದೆ ಇನ್ನಾರು? ಕಡಲು ನೋಡಿದ್ದೀರಾ ಎಂದು ಅವರು ಕೇಳಲಿಲ್ಲ; ನೋಡಿಲ್ಲವೆಂದು ನಾವು ಹೇಳಲಿಲ್ಲ. ಎರ್ರಿಯಪ್ಪ ಮೊದಲ ಸಲ ಕಡಲಿನೆದುರು ನಿಂತು, 'ಲೇ ಹಂಪ್ಯಾ, ಇಷ್ಟು ನೀರು ಯಾವ ಡ್ಯಾಮಿಂದ ಬಿಟ್ಟಾರಲೇ? ಜಲ್ದಿ ಗೇಟು ಹಾಕಾಕ ಹೇಳು' ಎಂದ.

ಅಲ್ಲಿನ ಎಂಜಿನಿಯರ್ ಸುಕನ್ಯಾ ಮೇಡಂ. 'ಹಂಪಯ್ಯನವರೇ, ಬಂಡೆಗಳ ನಡುವೆ ಸಂದು ಇರಲಿ. ಅಲೆ ಆ ಸಂದುಗಳಲ್ಲಿ ನುಗ್ಗಿ ನುಗ್ಗಿ ಸುಸ್ತಾಗಬೇಕು. ದಯವಿಟ್ಟು ಚಂದ ಮಾಡಬೇಡಿ' ಎಂದರು. ಚಂದ ಮಾಡಬೇಡಿ! ಕಸುಬುದಾರನಿಗೆ ಹೇಳುವ ಮಾತೇ ಇದು? ಕ್ರೇನು ಬಂಡೆ ಇಳಿಸುವುದು, ಅದು ಅಲುಗದಂತೆ ಕೂತಿತೇ ಎಂದು ನಾವು ನೋಡುವುದು, ಅಷ್ಟೇ ಕೆಲಸ. ಹಲ್ಲುದುರಿದ ಬಾಯಿಯಂತಿದ್ದ ಆ ಗೋಡೆಯನ್ನು ನೋಡಿ ನನಗೆ ಊಟ ಸೇರುತ್ತಿರಲಿಲ್ಲ. ಹೊಸಪೇಟೆಯವರು ಯಾರಾದರೂ ನೋಡಿದರೆ ಏನೆಂದಾರು?

ಮೇ ತಿಂಗಳ ಕೊನೆಗೆ ಮೇಡಂ ಎರಡು ದಿನ ರಜೆ ಹಾಕಿದರು. ಅವರು ಬರುವಷ್ಟರಲ್ಲಿ ಅರವತ್ತು ಅಡಿಯನ್ನು ನಮ್ಮ ಕಾಲುವೆಯಂತೆ ಮಾಡಿ ಬೆರಗುಗೊಳಿಸೋಣ ಎಂದೆ. ಎರ್ರಿಯಪ್ಪ ಒಬ್ಬನೇ ತಡೆದ.

'ಬ್ಯಾಡಲೇ. ಆಯಮ್ಮ ಓದಿದಾಕಿ, ತಿಳಿದೇ ಹೇಳಿರ್ತಾಳ.'

'ಓದಿದಾಕಿ ಕಲ್ಲು ಹೊತ್ತಾಳೇನಲೇ?' ಎಂದೆ. ಎಲ್ಲರೂ ನಕ್ಕರು. ಜನರನ್ನು ನಗಿಸುವ ಗುಣ ನನಗೆ ಮೊದಲಿನಿಂದಲೂ ಇದೆ.

ಎರಡು ದಿನ ಸಂದುಗಳಿಗೆ ಸಣ್ಣ ಕಲ್ಲು ತುಂಬಿ, ಮೇಲೆ ಚಕ್ಕೆ ಬಡಿದೆವು. ಏನು ಚಂದ, ಏನು ನುಣುಪು! ಎರಡನೆಯ ದಿನ ಸಂಜೆ ಪರೀಕ್ಷೆ. ಲೋಟ ತುಂಬಿಸಿದವನು ನಾನೇ. 'ಕಣ್ಣು ಪೂರಾ ಮುಚ್ಚಲೇ ಕಳ್ಳ' ಎಂದವನೂ ನಾನೇ.

ಸಭಿಕರೇ, ನನ್ನ ಎರಡು ನಿಮಿಷ ಮುಗಿದಿದೆ. ಇಲ್ಲಿಗೆ ನಿಲ್ಲಿಸಿ ಬಿಡಬೇಕೆಂದು ಮನೆಯಲ್ಲಿ ನಿರ್ಧರಿಸಿ ಬಂದಿದ್ದೆ.

ಅವನು ಅರ್ಧ ದಾರಿ ನಡೆದಿದ್ದ. ಮೊನ್ನೆಯವರೆಗೆ ಅಲೆ ಬಂಡೆಗಳ ಸಂದಿನಲ್ಲಿ ಸಿಕ್ಕಿ ಮುರಿಯುತ್ತಿತ್ತು. ಅವತ್ತು ಸಿಕ್ಕಿಕೊಳ್ಳಲು ಸಂದೇ ಇರಲಿಲ್ಲ. ನಾನು ಹಾಸಿಕೊಟ್ಟ ದಾರಿಯಲ್ಲಿ ಅದು ಎಲ್ಲಿಯೂ ತಡವರಿಸದೆ ಮೇಲೆ ಬಂತು. ನಾನು ಕೂಗಿದೆ. ಲೋಟ ಚೆಲ್ಲಲೆಂದು ಹೆದರಿಸುತ್ತಿದ್ದೇನೆ ಅಂದುಕೊಂಡನೋ ಏನೋ, ಕಣ್ಣು ತೆರೆಯಲಿಲ್ಲ. 'ಒಂದು ಹನೀನೂ ಚೆಲ್ಲಿಲ್ಲ ನೋಡಲೇ' ಎಂದು ನಕ್ಕ. ಅಲೆ ಎಳೆದೊಯ್ದವನು ಮೂರನೆಯ ದಿನ ಸಿಕ್ಕ.

ದಡದಲ್ಲಿ ಬಲೆ ಒಣಗಿಸುತ್ತಿದ್ದವರು ವಿಚಾರಣೆಗೆ ಬಂದ ಪೊಲೀಸರಿಗೆ ಕಂಡದ್ದನ್ನೇ ಹೇಳಿದರು: ಒಬ್ಬ ಕಣ್ಣು ಮುಚ್ಚಿ, ಲೋಟ ಹಿಡಿದು, ತನ್ನಷ್ಟಕ್ಕೆ ನಗುತ್ತ ಗೋಡೆಯ ಮೇಲೆ ಹೋಗುತ್ತಿದ್ದ. ಕುಡಿದಿದ್ದನೇ ಎಂದು ಪೊಲೀಸರು ನನ್ನನ್ನು ಕೇಳಿದರು. ನಾನು ತಲೆಯಾಡಿಸಿದೆ. ಯಾವ ಕಡೆಗೆ ಆಡಿಸಿದೆನೆಂಬುದನ್ನು ಹದಿನಾಲ್ಕು ವರ್ಷವಾದರೂ ನನ್ನ ಕುತ್ತಿಗೆ ಮರೆತಿಲ್ಲ. ಎರ್ರಿಯಪ್ಪ ತನ್ನ ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ.

ರಜೆಯಿಂದ ಬಂದ ಮೇಡಂ ಆ ಅರವತ್ತು ಅಡಿಯನ್ನು ನೋಡಿದರು, ನನ್ನನ್ನು ನೋಡಿದರು. ಆ ಮಳೆಗಾಲದಲ್ಲಿ ಕಡಲೇ ಅಷ್ಟನ್ನೂ ಕಿತ್ತುಹಾಕಿತು. ಆಮೇಲೆ ಸಂದು ಬಿಟ್ಟು ಕಟ್ಟಿದ್ದು ಇಂದಿಗೂ ನಿಂತಿದೆ. ನೋಡಲು ಕುರೂಪ. ದೋಣಿಗಳು ಸುಖವಾಗಿ ಒಳಗೆ ಬರುತ್ತವೆ.

ಇವತ್ತು ನೀವೆಲ್ಲ ಕುಡಿದು ಮೆಚ್ಚಿದ ಚಹಾ ಕಾಸಿದವಳು ಎರ್ರಿಯಪ್ಪನ ಹೆಂಡತಿ ನಿಂಗಕ್ಕ. ಅಗೋ, ಅಡುಗೆ ಕೋಣೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಾಳೆ. ನಲ್ಲಿಯ ಹತ್ತಿರ ಜಗಳವಾದರೂ ಸರಿ, ಮಗಳಿಗೆ ಗಂಡು ನೋಡಲು ಹೋದರೂ ಸರಿ, 'ಕುಡುಕನ ಹೆಂಡ್ತಿ' ಎಂಬ ಮಾತು ಅವಳಿಗಿಂತ ಮೊದಲೇ ಹೋಗಿ ಅಲ್ಲಿ ಕುಳಿತಿರುತ್ತಿತ್ತು. ಅದನ್ನು ಕೇಳಿಯೂ ನಾನು ಊರಿಗೆಲ್ಲ ಜೋಕು ಹೇಳಿಕೊಂಡು ತಿರುಗಿದೆ.

ನಿಂಗಕ್ಕ, ಆ ಲೋಟದಾಗ ಇದ್ದದ್ದು ಚಾ ತಂಗಿ. ನಾನೇ ಬಗ್ಗಿಸಿ ಕೊಟ್ಟಿದ್ದೆ. ಸಕ್ರಿ ಜಾಸ್ತಿ ಹಾಕಿಸ್ಕೊಂಡಿದ್ದ.

ಅಧ್ಯಕ್ಷರೇ, ಶಾಲು ಈ ಮೇಜಿನ ಮೇಲಿದೆ. ಪೇಟವೂ ಇಲ್ಲೇ ಇದೆ. ಸನ್ಮಾನ ಪತ್ರದಲ್ಲಿ ಹನಿ ಚೆಲ್ಲದು ಎಂದು ಬರೆದ ಸಾಲನ್ನು ಹೊಡೆದುಹಾಕಿ. ಚೆಲ್ಲಿದೆ. ಹಾಸಿದವನೇ ಚಹಾ ಕಾಸಬೇಕೆಂಬುದು ನಮ್ಮ ನಿಯಮ. ತಟ್ಟೆ ಕೆಳಗಿಡು ತಂಗಿ, ಒಲೆಯ ಮುಂದಕ್ಕೆ ನಾನು ಬರುತ್ತೇನೆ. ನನ್ನ ಕೈಯ ಚಹಾವನ್ನು ನೀನು ಕುಡಿಯುತ್ತೀಯೋ, ಮೋರಿಗೆ ಸುರಿಯುತ್ತೀಯೋ, ಅದು ನಿನಗೆ ಬಿಟ್ಟದ್ದು.

ಇಷ್ಟು ಹೊತ್ತು ಕೇಳಿದ್ದಕ್ಕೆ, ಈಗ ಯಾರೂ ಚಪ್ಪಾಳೆ ತಟ್ಟದೆ ಇರುವುದಕ್ಕೆ, ನಿಮಗೆಲ್ಲ ನನ್ನ ಕೃತಜ್ಞತೆಗಳು. ನಮಸ್ಕಾರ.